ಎಲೆಕ್ಟ್ರೋಸ್ಪ್ರೇ ಥ್ರಸ್ಟರ್ ಮಾಡೋದ್ರಲ್ಲಿ ನನ್ನ ಅನುಭವ: ಸೂಜಿಗಿಂತ ದ್ರವಾನೇ ಕಷ್ಟ

ಕ್ಯೂಬ್‌ಸ್ಯಾಟ್ ಅನ್ನೋ ಪುಟ್ಟ ಉಪಗ್ರಹಕ್ಕೆ ಎಲೆಕ್ಟ್ರೋಸ್ಪ್ರೇ ಥ್ರಸ್ಟರ್ (ಸೂಜಿ ತುದಿಯಿಂದ ದ್ರವಾನ ವಿದ್ಯುತ್‌ನಿಂದ ಚಿಮ್ಮಿಸಿ ಉಪಗ್ರಹಾನ ತಳ್ಳೋ ಎಂಜಿನ್) ಮಾಡ್ತೀನಿ ಅಂದ್ರೆ ಎಲ್ರೂ ಮೊದಲು ಕೇಳೋದು ಸಿಲಿಕಾನ್‌ನಲ್ಲಿ ಅಷ್ಟು ಸಣ್ಣ ಸೂಜಿ ಹೆಂಗೆ ಕೊರೀತೀರ ಅಂತ. ಕೊರೆಯೋಕೆ ಮೆಷಿನ್ ಇದೆ, ಗೊತ್ತಿರೋ ದಾರಿ ಇದೆ. ನನ್ನ ಟೈಮೆಲ್ಲಾ ತಿಂದಿದ್ದು ಆಮೇಲಿನ ಕೆಲಸ, ಅಂದ್ರೆ ದ್ರವ ಹೋಗಬೇಕಾದ ಕಡೆ ಮಾತ್ರ ಹೋಗೋ ಹಾಗೆ ನೋಡ್ಕೊಳ್ಳೋದು.

ನಾವು ಬಳಸೋದು ಇಎಂಐ-ಬಿಎಫ್4 ಅನ್ನೋ ಅಯಾನಿಕ್ ಲಿಕ್ವಿಡ್, ರೂಮ್ ಟೆಂಪರೇಚರ್‌ನಲ್ಲೇ ದ್ರವವಾಗಿರೋ ಉಪ್ಪು. ವ್ಯಾಕ್ಯೂಮ್‌ನಲ್ಲಿ ಇಟ್ರೂ ಆವಿಯಾಗಲ್ಲ, ಹಂಗಾಗಿ ಪ್ರೆಶರ್ ಟ್ಯಾಂಕ್ ಬೇಡ. ಸೂಜಿ ತುದಿಗೂ ಎದುರಿನ ಎಕ್ಸ್‌ಟ್ರಾಕ್ಟರ್‌ಗೂ (ತೂತುಗಳಿರೋ ಎಲೆಕ್ಟ್ರೋಡ್) ಮಧ್ಯೆ ಒಂದೆರಡು ಸಾವಿರ ವೋಲ್ಟ್ ಕೊಟ್ರೆ ದ್ರವ ಶಂಕುವಿನ ಆಕಾರಕ್ಕೆ ಎಳ್ಕೊಳ್ಳುತ್ತೆ (1964ರಲ್ಲಿ ಜೆಫ್ರಿ ಟೇಲರ್ ಇದರ ಲೆಕ್ಕ ಬಿಡಿಸಿದ್ರು, ಅದಕ್ಕೇ ಟೇಲರ್ ಕೋನ್), ಅದರ ತುದಿಯಿಂದ ಅಯಾನ್‌ಗಳು, ಅಂದ್ರೆ ವಿದ್ಯುದಾವೇಶ ಇರೋ ಕಣಗಳು ಹಾರುತ್ವೆ. 1000 ವೋಲ್ಟ್‌ಗೆ ಈ ದ್ರವದ ಒಂದು ಒಂಟಿ ಇಎಂಐ ಅಯಾನ್ ಸೆಕೆಂಡಿಗೆ ಹತ್ತಿರ ಹತ್ತಿರ 42 ಕಿಲೋಮೀಟರ್ ವೇಗದಲ್ಲಿ ಹೋಗುತ್ತೆ, ಆದ್ರೆ 1 ಮೈಕ್ರೋಆಂಪ್ ಕರೆಂಟ್‌ಗೆ ಸಿಗೋ ತಳ್ಳುಬಲ ಬರೀ 0.05 ಮೈಕ್ರೋನ್ಯೂಟನ್. ಅದಕ್ಕೇ ಒಂದೇ ಚಿಪ್‌ನಲ್ಲಿ ನೂರಾರು ತುದಿ ಬೇಕು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರ ಚಿಪ್‌ನಲ್ಲಿ ಸುಮಾರು ಒಂದು ಚದರ ಸೆಂಟಿಮೀಟರ್‌ನಲ್ಲಿ 480 ತುದಿ ಇವೆ, ಅಷ್ಟೂ ಸೇರಿ ಕೊಡೋ ಬಲ ಒಂದು ಸೊಳ್ಳೆಯ ತೂಕದ ಹತ್ತಿರ ಬರುತ್ತೆ ಅಷ್ಟೆ.

ಅವರದ್ದು ರಂಧ್ರಗಳಿರೋ ಪೋರಸ್ ತುದಿ, ನಮ್ಮದು ಟೊಳ್ಳು ಕ್ಯಾಪಿಲರಿ, ಅಂದ್ರೆ ಸಣ್ಣ ಕೊಳವೆ. ಅದನ್ನ ಕೊರೆಯೋ ಪ್ಲಾಸ್ಮಾ ಎಚಿಂಗ್‌ನಲ್ಲಿ ಒಂದು ಗ್ಯಾಸ್ ಸಿಲಿಕಾನ್ ತಿನ್ನುತ್ತೆ, ಇನ್ನೊಂದು ಗೋಡೆಗೆ ಪಾಲಿಮರ್ ಬಳಿಯುತ್ತೆ, ಹೀಗೆ ಬದಲಾಯಿಸ್ತಾ ಹೋದ್ರೆ ನೆಟ್ಟಗಿನ ಗೋಡೆ ಬರುತ್ತೆ, ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರೆ ಒಂದೊಂದು ಸುತ್ತಿಗೂ ಒಂದೊಂದು ಸಣ್ಣ ಗೆರೆ ಕಾಣುತ್ತೆ. ಇಲ್ಲಿ ಜೋಪಾನ ಬೇಕಿರೋದು ವೇಫರ್‌ನ (ಸಿಲಿಕಾನ್ ಬಿಲ್ಲೆ) ಎರಡೂ ಕಡೆಯ ಅಲೈನ್‌ಮೆಂಟ್‌ಗೆ. ಎಕ್ಸ್‌ಟ್ರಾಕ್ಟರ್ ತೂತು ಕ್ಯಾಪಿಲರಿ ಮಧ್ಯಕ್ಕೆ ಕೂತಿಲ್ಲ ಅಂದ್ರೆ ಬೀಮ್ ಓರೆಯಾಗಿ ಹೋಗಿ ತೂತಿನ ಅಂಚಿಗೆ ಬಡಿಯುತ್ತೆ.

ಖಾಲಿ ಕ್ಯಾಪಿಲರಿಯಲ್ಲಿ ದ್ರವ ಬೇಕಾದ್ದಕ್ಕಿಂತ ಜಾಸ್ತಿ ಹರಿಯುತ್ತೆ, ಆಗ ಅಯಾನ್ ಬದಲು ಹನಿಗಳು ಹೊರಗೆ ಬರುತ್ವೆ, ಹನಿ ಭಾರ, ವೇಗ ಕಮ್ಮಿ, ಇಂಧನ ದಂಡ. ಸ್ವಿಟ್ಜರ್‌ಲೆಂಡಿನ ಇಪಿಎಫ್ಎಲ್ ವಿಶ್ವವಿದ್ಯಾಲಯದ ತಂಡದವರು ಒಳಗೆ 5 ಮೈಕ್ರಾನ್ ಸಿಲಿಕಾ ಮಣಿಗಳನ್ನ ತುಂಬಿ ಹರಿವು ತಡೆದಿದ್ರು, ನಾವೂ ಅದನ್ನೇ ಮಾಡಿದ್ವಿ. ಚೆನ್ನಾಗಿ ಕೆಲಸ ಮಾಡುತ್ತೆ.

ಇನ್ನು ತುಂಬೋ ವಿಷಯ, ನನ್ನ ಪ್ರಕಾರ ಥ್ರಸ್ಟರ್ ಉಳಿಯೋದೂ ಸಾಯೋದೂ ಇಲ್ಲೇ. ಈ ದ್ರವ ಗಾಳಿಯಲ್ಲಿರೋ ತೇವ ಹೀರ್ಕೊಳ್ಳುತ್ತೆ. ಅದಕ್ಕೆ ಮೊದಲು ಸ್ವಲ್ಪ ಬಿಸಿ ಮಾಡಿ ವ್ಯಾಕ್ಯೂಮ್‌ನಲ್ಲಿಡ್ತೀನಿ, ಚೇಂಬರ್ ಕಿಟಕಿಯಿಂದ ನೋಡ್ತಾ ಕೂತ್ರೆ ಮೊದಲು ಬುಳುಬುಳು ಅಂತ ಗುಳ್ಳೆ, ಆಮೇಲೆ ಅಲ್ಲೊಂದು ಇಲ್ಲೊಂದು, ಕೊನೆಗೆ ಮೇಲ್ಮೈ ಕನ್ನಡಿ ತರ ನಿಂತ್ಕೊಳ್ಳುತ್ತೆ, ಅಲ್ಲೀವರೆಗೂ ಚಿಪ್‌ಗೆ ಹಾಕೋ ಮಾತೇ ಇಲ್ಲ. ಹಾಕೋದೂ ವ್ಯಾಕ್ಯೂಮ್‌ನಲ್ಲೇ, ಯಾಕಂದ್ರೆ ಗಾಳಿ ಒಳಗೆ ಸಿಕ್ಕಿಕೊಂಡ್ರೆ ಪಂಪ್ ಆನ್ ಆದ್ಮೇಲೆ ಅದು ಹಿಗ್ಗಿ ದ್ರವಾನ ಮುಂದಕ್ಕೆ ತಳ್ಳುತ್ತೆ, ತುದಿಗಳೆಲ್ಲಾ ಮುಳುಗಿ ಎಕ್ಸ್‌ಟ್ರಾಕ್ಟರ್‌ವರೆಗೂ ಹರಿದು ಶಾರ್ಟ್ ಆಗುತ್ತೆ, ಅಲ್ಲಿಗೆ ಚಿಪ್ ಕಥೆ ಮುಗೀತು.

ಹೊಸಬರಿಗೆ ಹೇಳೋದು ಒಂದೇ: ಎಮಿಟರ್ (ಸೂಜಿ ತುದಿಗಳು), ಎಕ್ಸ್‌ಟ್ರಾಕ್ಟರ್, ಕಲೆಕ್ಟರ್ (ಹೊರಗೆ ಬಂದ ಬೀಮ್ ಹಿಡಿಯೋ ಫಲಕ) ಮೂರರ ಕರೆಂಟನ್ನೂ ಬೇರೆ ಬೇರೆ ಅಳೀರಿ. ಎಕ್ಸ್‌ಟ್ರಾಕ್ಟರ್ ಕರೆಂಟ್ ನಿಧಾನಕ್ಕೆ ಏರ್ತಾ ಇದ್ರೆ ಎಲ್ಲೋ ಒದ್ದೆಯಾಗ್ತಿದೆ ಅಂತಾನೇ ಅರ್ಥ, ಥ್ರಸ್ಟ್ ಎಷ್ಟೇ ಚೆನ್ನಾಗಿ ಬರ್ತಿರಲಿ ಆಫ್ ಮಾಡಿ. ಪೊಲಾರಿಟಿಯನ್ನೂ ಆಗಾಗ ಬದಲಾಯಿಸ್ತಾ ಇರಬೇಕು, ಒಂದೇ ಕಡೆ ಬಿಟ್ರೆ ಎಲೆಕ್ಟ್ರೋಡ್ ಹತ್ರ ದ್ರವ ಕೆಡುತ್ತೆ. ಎರಡು ಚಿಪ್‌ಗಳನ್ನ ಒಂದು ಪ್ಲಸ್ ಒಂದು ಮೈನಸ್ ಅಂತ ಜೊತೆಗೆ ಓಡಿಸಿದ್ರೆ ಉಪಗ್ರಹದಲ್ಲಿ ಆವೇಶ ಸೇರದಂಗೆ ನೋಡ್ಕೊಳ್ಳೋ ಬೇರೆ ನ್ಯೂಟ್ರಲೈಸರ್ರೂ ಬೇಕಾಗಲ್ಲ.

2015ರಲ್ಲಿ ಹಾರಿದ ಯುರೋಪಿನ ಲೀಸಾ ಪಾತ್‌ಫೈಂಡರ್ ನೌಕೆಯಲ್ಲಿ ನಾಸಾದ ಕೊಲಾಯ್ಡ್ ಥ್ರಸ್ಟರ್‌ಗಳು (ಹನಿ ಚಿಮ್ಮಿಸೋ ಎಲೆಕ್ಟ್ರೋಸ್ಪ್ರೇ ಥ್ರಸ್ಟರ್) 5ರಿಂದ 30 ಮೈಕ್ರೋನ್ಯೂಟನ್ ಬಲದಲ್ಲಿ ನೌಕೇನ ಅಲುಗಾಡದಂಗೆ ಹಿಡಿದಿದ್ವು, ಅವು ಚಿಪ್ ಅಲ್ಲ, ಆದ್ರೆ ಇದೇ ತತ್ವ ಬಾಹ್ಯಾಕಾಶದಲ್ಲಿ ನಡೆಯುತ್ತೆ ಅನ್ನೋದಕ್ಕೆ ನನಗೆ ಅದಕ್ಕಿಂತ ಸಾಕ್ಷಿ ಬೇಡ. ಈಗ ಕ್ಯಾಪಿಲರಿ ಹೊರಮೈಗೆ ದ್ರವ ಅಂಟದಂಥ ಕೋಟಿಂಗ್ ಹಾಕಿ ನೋಡ್ತಾ ಇದ್ದೀನಿ.