ಪಿಕಪ್‌ನ ಕಂಪನಿ ಸಬ್‌ವೂಫರ್: ಬದಲಿಸದೆ ಸರಿ ಮಾಡಿದ್ದು

ನನ್ನದು ಡಬಲ್ ಕ್ಯಾಬ್ ಪಿಕಪ್. ಹಿಂದಿನ ಸೀಟಿನ ಕೆಳಗೆ, ಚಪ್ಪಟೆ ಪ್ಲಾಸ್ಟಿಕ್ ಡಬ್ಬಿಯೊಳಗೆ, ಕಂಪನಿಯಿಂದಲೇ ಬಂದ 8 ಇಂಚಿನ ಸಬ್‌ವೂಫರ್, ಅಂದರೆ ಬೇಸ್ ಮಾತ್ರ ನುಡಿಸುವ ಸ್ಪೀಕರ್ ಇದೆ. ಅದಕ್ಕೆ ಶಕ್ತಿ ಕೊಡುವ ಆಂಪ್ (ಆಂಪ್ಲಿಫೈಯರ್) ಸೀಟಿನ ಹಿಂದಿನ ತಗಡಿಗೆ ಬೋಲ್ಟ್ ಆಗಿದೆ. ಪುಣೆಯಲ್ಲಿ ಮಳೆ ಹಿಡಿದುಕೊಂಡ ಮೇಲೆ ಬೇಸ್ ಆಟ ಆಡೋಕೆ ಶುರು ಮಾಡಿತು. ಇವತ್ತು ಇರುತ್ತೆ, ನಾಳೆ ಮಾಯ. ಇದ್ದಾಗಲೂ ಸಪ್ಪೆ. ಹತ್ತಿರದ ಕಾರ್ ಆಕ್ಸೆಸರಿ ಅಂಗಡಿಗೆ ಒಯ್ದು ತೋರಿಸಿದೆ. ಹುಡುಗ ಸೀಟು ಕೂಡ ಎತ್ತಲಿಲ್ಲ. ‘ಸಬ್ ಹೋಗಿದೆ, ಆಂಪ್ ಸಮೇತ ಹೊಸದು ಹಾಕಿಸಿ’ ಅಂದುಬಿಟ್ಟ.

ನಾನು ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕಂಟ್ರೋಲ್ ಪ್ಯಾನೆಲ್ ವೈರಿಂಗ್ ಮಾಡುವವನು. ಮೀಟರ್ ಹಿಡಿಯದೆ ಪಾರ್ಟ್ ಬದಲಿಸಿ ಅಂದರೆ ಮೈ ಉರಿಯುತ್ತೆ. ಭಾನುವಾರ ನಮ್ಮ ಸೊಸೈಟಿಯಲ್ಲೇ ಇರುವ ವಿಜಯಪುರದ ಗೆಳೆಯನನ್ನು ಕರೆದುಕೊಂಡು ಸೀಟು ಬಿಚ್ಚಿದೆ.

ಮೊದಲು ಸಬ್ ಸತ್ತಿದೆಯಾ ಅಂತ ನೋಡಬೇಕಲ್ವಾ? ಅದರ ಕನೆಕ್ಟರ್ ಕಳಚಿ ಓಮ್ಸ್ ಅಳೆದೆ. 3.4 ಬಂತು. 4 ಓಮ್ಸ್ ಕಾಯಿಲ್ (ಸ್ಪೀಕರ್ ಒಳಗಿನ ತಂತಿ ಸುರುಳಿ) ಮೀಟರ್‌ನಲ್ಲಿ ಯಾವಾಗಲೂ ಸ್ವಲ್ಪ ಕಡಿಮೆಯೇ ತೋರಿಸುತ್ತೆ, ಹಾಗಾಗಿ ಇದು ಸರಿ. ಕಾಯಿಲ್ ಕಡಿದಿದ್ದರೆ ಮೀಟರ್ ಓಪನ್ ತೋರಿಸುತ್ತಿತ್ತು. ಕೆಲವು ಸಬ್‌ಗಳಲ್ಲಿ ಎರಡು ಕಾಯಿಲ್ ಇರುತ್ತವೆ, ಎರಡನ್ನೂ ಅಳೆಯಬೇಕು. ಆಮೇಲೆ ಕೋನ್‌ನ (ಸ್ಪೀಕರ್‌ನ ಅಲುಗಾಡುವ ಮುಂಭಾಗ) ಎರಡೂ ಬದಿ ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಕರಕರ ಸದ್ದಿಲ್ಲ, ಅಂದರೆ ಕಾಯಿಲ್ ಎಲ್ಲೂ ಉಜ್ಜುತ್ತಿಲ್ಲ. ಕೊನೆಗೆ 9 ವೋಲ್ಟ್ ಬ್ಯಾಟರಿಯನ್ನು ತಂತಿಗಳಿಗೆ ಒಂದು ಕ್ಷಣ ತಾಗಿಸಿದೆ. ಟಪ್ ಅಂತ ಕೋನ್ ಮುಂದಕ್ಕೆ ಹಾರಿತು. ಸಬ್ ಗಟ್ಟಿಮುಟ್ಟಾಗೇ ಇತ್ತು.

ಇನ್ನು ಆಂಪ್. ಫ್ಯೂಸ್ ಸರಿ. ಪ್ಲಸ್ ಪಿನ್‌ನಲ್ಲಿ ಇಂಜಿನ್ ಆಫ್ ಇದ್ದಾಗ 12.6, ಸ್ಟಾರ್ಟ್ ಮಾಡಿದಾಗ 14.2 ವೋಲ್ಟ್. ಸ್ಟೀರಿಯೊ ಹಾಕಿದಾಗ ಆಂಪ್‌ಗೆ ‘ಏಳು’ ಅಂತ ಹೇಳುವ ರಿಮೋಟ್ ವೈರ್‌ನಲ್ಲೂ 12 ಇತ್ತು. ಉಳಿದದ್ದು ಗ್ರೌಂಡ್, ಅಂದರೆ ಆಂಪ್‌ನ ಮೈನಸ್ಸನ್ನು ಗಾಡಿಯ ತಗಡಿಗೆ ಸೇರಿಸುವ ತಂತಿ.

ಇಲ್ಲಿ ಬಹಳ ಜನ ಎಡವುತ್ತಾರೆ. ಗ್ರೌಂಡನ್ನು ಓಮ್ಸ್‌ನಲ್ಲಿ ಅಳೆದು ಸರಿ ಇದೆ ಅಂತ ಬಿಡುತ್ತಾರೆ. ನನಗೂ ಬಂದದ್ದು ಬರೀ 0.4 ಓಮ್ಸ್. ಅದರಲ್ಲಿ ಮೀಟರ್ ತಂತಿಯದ್ದೇ 0.2. ಉಳಿದ 0.2 ಏನು ಮಹಾ ಅನ್ನಿಸುತ್ತೆ. ಆದರೆ ಬೇಸ್ ಹೊಡೆದಾಗ ಆಂಪ್ 5 ಆಂಪಿಯರ್ ಎಳೆದರೆ ಆ 0.2 ಓಮ್ಸ್‌ನಲ್ಲೇ 1 ವೋಲ್ಟ್ ಹೋಗುತ್ತೆ. ಜಾಸ್ತಿ ಎಳೆದಷ್ಟೂ ಜಾಸ್ತಿ ಹೋಗುತ್ತೆ. ಅದಕ್ಕೆ ಗ್ರೌಂಡನ್ನು ಲೋಡ್ ಮೇಲೆ, ಅಂದರೆ ಕರೆಂಟ್ ಹರಿಯುತ್ತಿರುವಾಗ ನೋಡಬೇಕು. ಮೀಟರ್ ಡಿಸಿ ವೋಲ್ಟ್‌ನಲ್ಲಿಡಿ. ಒಂದು ಕಡ್ಡಿ ಆಂಪ್‌ನ ಮೈನಸ್ ಪಿನ್‌ಗೆ, ಇನ್ನೊಂದಕ್ಕೆ ಉದ್ದ ತಂತಿ ಕಟ್ಟಿ ಬಾನೆಟ್‌ನಲ್ಲಿರುವ ಬ್ಯಾಟರಿಯ ಮೈನಸ್‌ಗೆ. ಈಗ ಬೇಸ್ ಹಾಕಿ. 0.1, 0.2 ವೋಲ್ಟ್ ಬಂದರೆ ಚಿಂತೆ ಇಲ್ಲ. ನನಗೆ 1.3 ಬಂತು.

ಕಾರ್ಪೆಟ್ ಎತ್ತಿದರೆ ಗ್ರೌಂಡ್ ಬೋಲ್ಟ್ ಕಂದುಬಣ್ಣಕ್ಕೆ ತಿರುಗಿತ್ತು. ಲಗ್‌ನ (ತಂತಿ ತುದಿಯ ಲೋಹದ ಬಳೆ) ಅಡಿಯಲ್ಲಿ ತುಕ್ಕಿನ ಪುಡಿ. ಆಂಪ್ ಕನೆಕ್ಟರ್‌ನ ಎರಡು ಪಿನ್‌ಗಳ ಮೇಲೆ ಹಸಿರು ಕಿಲುಬು. ಕಾರ್ಪೆಟ್ ಮೇಲೆ ಒಣಗಿದಂತೆ ಕಾಣುತ್ತಿತ್ತು, ಅಡಿಯ ಫೋಮ್ ಹಿಂಡಿದರೆ ನೀರು. ಹಾಗಾದರೆ ಗ್ರೌಂಡ್ ಕೆಟ್ಟಿದ್ದು ಬರೀ ಪರಿಣಾಮ. ನೀರು ಎಲ್ಲಿಂದ?

ಗೆಳೆಯನನ್ನು ಟಾರ್ಚ್ ಕೊಟ್ಟು ಒಳಗೆ ಕೂರಿಸಿ, ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟೆ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೊದಲೇ ಮೇಲೆ ಬಿಟ್ಟರೆ ನೀರು ಎಲ್ಲ ಕಡೆ ಇಳಿದು ಏನೂ ತಿಳಿಯೋದಿಲ್ಲ. ಬಾಗಿಲಿನ ರಬ್ಬರ್ ಸರಿ. ಹಿಂದಿನ ಗಾಜು ಸರಿ. ಮೇಲಿರುವ ಮೂರನೇ ಬ್ರೇಕ್ ಲೈಟ್ ಹತ್ತಿರ ಬಿಟ್ಟಾಗ ಅವನು ಒಳಗಿನಿಂದಲೇ ‘ಬಂತು ನೋಡಲೇ!’ ಅಂತ ಕೂಗಿದ. ಲೈಟಿನ ಹಿಂದಿನ ಗ್ಯಾಸ್ಕೆಟ್ ಒಣಗಿ ಕುಗ್ಗಿತ್ತು. ಹನಿ ವೈರ್ ಹಿಡಿದು ಜಾರಿ, ಹಿಂದಿನ ತಗಡಿನ ಒಳಮೈಯಲ್ಲಿ ಇಳಿದು, ನೇರ ಆಂಪ್ ಕನೆಕ್ಟರ್ ಮೇಲೆ. ಪಿಕಪ್‌ಗಳಲ್ಲಿ ಇದು ಹಳೇ ರೋಗ. ನಿಮ್ಮ ಗಾಡಿಯಲ್ಲೂ ಸೀಟಿನ ಹಿಂದೆ ಮುಗ್ಗಲು ವಾಸನೆ ಇದ್ದರೆ ಮೊದಲು ಆ ಲೈಟ್ ನೋಡಿ.

ಲೈಟ್ ಬಿಚ್ಚಿ ಸುತ್ತ ಬ್ಯೂಟೈಲ್ ಟೇಪ್ (ನೀರು ತಡೆಯುವ ಮೆತ್ತನೆ ಅಂಟು ಟೇಪ್) ಕೂರಿಸಿದೆ. ಸಿಲಿಕೋನ್ ಹಚ್ಚುವವರು ಟ್ಯೂಬ್ ನೋಡಿ ತಗೊಳ್ಳಿ. ಹುಳಿ ವಿನಿಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಆಸಿಡ್ ಬಿಡುತ್ತೆ, ತಗಡನ್ನೇ ತಿನ್ನುತ್ತೆ. ಬುಧವಾರ ಪೇಠೆಯ ತಪಕೀರ್ ಗಲ್ಲಿಯಿಂದ ಕಾಂಟ್ಯಾಕ್ಟ್ ಕ್ಲೀನರ್, ಹೊಸ ತಾಮ್ರದ ಲಗ್, ಹಲ್ಲಿರುವ ವಾಷರ್ ತಂದೆ. ಬೋಲ್ಟ್ ಜಾಗವನ್ನು ಎಮರಿ ಕಾಗದದಿಂದ ಉಜ್ಜಿ ಬಿಳಿ ಲೋಹ ಕಾಣುವಷ್ಟು ಮಾಡಿದೆ. ಲಗ್ ಬಿಗಿ ಮಾಡಿದ ಮೇಲೆ ಪೇಂಟ್ ಬಳಿದೆ. ಮೊದಲು ಬಿಗಿ, ಆಮೇಲೆ ಪೇಂಟ್. ಮತ್ತೆ ಅಳೆದಾಗ 0.08 ವೋಲ್ಟ್. ಬೇಸ್ ಬಂದು ಹೋಗೋದು ಅಲ್ಲಿಗೆ ನಿಂತಿತು.

ಸಪ್ಪೆ ಮಾತ್ರ ಪೂರ್ತಿ ಹೋಗಲಿಲ್ಲ. ಹಿಂದೊಮ್ಮೆ ಮುಂಬಾಗಿಲಿನ ಸ್ಪೀಕರ್‌ಗಳನ್ನು ಬೇರೆ ಅಂಗಡಿಯಲ್ಲಿ ಬದಲಿಸಿದ್ದೆ. ಅನುಮಾನ ಬಂದು ಅವುಗಳ ತಂತಿಗೆ ಪೆನ್ಸಿಲ್ ಸೆಲ್ ತಾಗಿಸಿ ನೋಡಿದರೆ, ಎರಡೂ ಕೋನ್ ಹಿಂದಕ್ಕೆ ಹೋದವು. ಎರಡರಲ್ಲೂ ಪ್ಲಸ್ ಮೈನಸ್ ಅದಲುಬದಲು. ಎರಡೂ ಒಂದೇ ಥರ ತಿರುಗಿದ್ದರಿಂದ ಹಾಡು ಕೇಳುವಾಗ ಏನೂ ಗೊತ್ತಾಗಿರಲಿಲ್ಲ. ಆದರೆ ಸಬ್ ಗಾಳಿಯನ್ನು ತಳ್ಳುವಾಗ ಬಾಗಿಲುಗಳು ಎಳೆಯುತ್ತಿದ್ದವು. ಎರಡೂ ಸೇರುವ 80 ಹರ್ಟ್ಜ್ ಆಸುಪಾಸಿನಲ್ಲಿ ಸದ್ದು ಒಂದನ್ನೊಂದು ತಿಂದುಹಾಕುತ್ತೆ. ತಂತಿ ತಿರುಗಿಸಿದೆ. ಪೈಸೆ ಖರ್ಚಿಲ್ಲ, ವ್ಯತ್ಯಾಸ ಮಾತ್ರ ಎಲ್ಲಕ್ಕಿಂತ ಜಾಸ್ತಿ. ಬೇಸ್ ಹಿಂದಿನ ಸೀಟಿನಿಂದ ಎದ್ದು ಡ್ಯಾಶ್‌ಬೋರ್ಡಿಗೆ ಬಂದು ಕೂತಂತಾಯಿತು.

ಡಬ್ಬಿಯದ್ದು ಸಣ್ಣ ಕೆಲಸ. ಇದು ಸೀಲ್ಡ್ ಡಬ್ಬಿ, ಗಾಳಿ ಸೋರಬಾರದು. ಟೋನ್ (ಒಂದೇ ಸ್ವರದ ಸದ್ದು) ಹಾಕಿ ಜೋಡಣೆಯ ಉದ್ದಕ್ಕೂ ಊದುಬತ್ತಿ ಹಿಡಿದುಕೊಂಡು ಹೋದೆ. ಒಂದು ಮೂಲೆಯಲ್ಲಿ ಹೊಗೆ ನಡುಗಿತು, ಅಲ್ಲಿ ಬ್ಯೂಟೈಲ್ ಒತ್ತಿದೆ. ಒಳಗೆ ದಿಂಬಿಗೆ ಹಾಕುವ ರೆಕ್ರಾನ್ ಹತ್ತಿ ಸುಮಾರು 150 ಗ್ರಾಂ ಬಿಡಿಸಿ ತುಂಬಿದೆ, ಮ್ಯಾಗ್ನೆಟ್ ಹಿಂದಿನ ತೂತು ಮುಚ್ಚದ ಹಾಗೆ. ಡಬ್ಬಿ ಸ್ವಲ್ಪ ದೊಡ್ಡದಾದ ಹಾಗೆ ಸಬ್‌ಗೆ ಅನ್ನಿಸುತ್ತೆ, ಕೆಳಗಿನ ಸ್ವರ ತುಸು ಮೆತ್ತಗಾಗುತ್ತೆ. ಪವಾಡ ಏನಲ್ಲ.

ಗಡಗಡ ಸದ್ದಿಗೆ ಫೋನಿನಿಂದ 30ರಿಂದ 100 ಹರ್ಟ್ಜ್‌ವರೆಗೆ ಟೋನ್ ನಿಧಾನ ಏರಿಸುತ್ತಾ ಹುಡುಕಿದೆ. ಇದನ್ನು ಊರ ಹೊರಗೆ ಮೋಶಿ ಕಡೆ ಹೋಗಿ ಮಾಡಿದ್ದು. ಸೊಸೈಟಿ ಪಾರ್ಕಿಂಗ್‌ನಲ್ಲಿ 40 ಹರ್ಟ್ಜ್ ಹಾಕಿದರೆ ಎರಡನೇ ಮಹಡಿಯ ಅಜ್ಜಿ ಕಿಟಕಿ ತೆಗೆಯುತ್ತಾರೆ. ಗಣಪತಿ ಹಬ್ಬದ ಢೋಲ್ ತಾಶಾಕ್ಕೆ ಇರೋ ರಿಯಾಯಿತಿ ನನಗಿಲ್ಲ! ಸೀಟಿನ ಕೆಳಗಿನ ಜ್ಯಾಕ್ ಹಿಡಿ 42ಕ್ಕೆ ಕುಣಿಯುತ್ತಿತ್ತು, ನಂಬರ್ ಪ್ಲೇಟ್ 60ಕ್ಕೆ. ಜ್ಯಾಕ್‌ಗೆ ಬಟ್ಟೆ ಟೇಪ್, ಪ್ಲೇಟಿಗೆ ಫೋಮ್. ಸೀಟಿನ ಹಿಂದಿನ ತಗಡಿಗೆ ನಡುಕ ತಡೆಯುವ ಡ್ಯಾಂಪಿಂಗ್ ಶೀಟ್ ಅಂಟಿಸಿದೆ. ಪೂರ್ತಿ ಮುಚ್ಚಬೇಕಿಲ್ಲ, ಬೆರಳಿನಿಂದ ತಟ್ಟಿದಾಗ ಟಣ್ ಅನ್ನುವ ಕಡೆ ಸಾಕು.

ಒಂದು ಮಿತಿ ಉಳಿದಿದೆ. 50 ಹರ್ಟ್ಜ್ ಟೋನ್ ಹಾಕಿ ಸಬ್ ತಂತಿಯ ಎಸಿ ವೋಲ್ಟ್ ಅಳೆಯುತ್ತಾ ವಾಲ್ಯೂಮ್ ಏರಿಸಿದರೆ, ವಾಲ್ಯೂಮ್ 22ರವರೆಗೆ ವೋಲ್ಟ್ ಏರುತ್ತೆ, ಮುಂದೆ ನಿಂತುಬಿಡುತ್ತೆ. ಸ್ಪೀಕರ್ ಉಳಿಸೋಕೆ ಸ್ಟೀರಿಯೊನೇ ಬೇಸ್ ಕತ್ತರಿಸುತ್ತೆ. ಸಬ್ ಬದಲಿಸಿದರೂ ಅದು ಹೋಗೋದಿಲ್ಲ, ಕತ್ತರಿಸಿದ್ದನ್ನು ತುಂಬಿಕೊಡುವ ಪ್ರೊಸೆಸರ್ ಬೇಕು. ನಿಪ್ಪಾಣಿ ದಾಟಿ ಊರಿಗೆ ಹೋಗುವಾಗಲೂ ನಾನು 18ರ ಮೇಲೆ ಹೋಗೋದು ಅಪರೂಪ. ಹಾಗಾಗಿ ಪ್ರೊಸೆಸರ್ ತಂದಿಲ್ಲ. ಆ ದುಡ್ಡಲ್ಲಿ ಟೈರ್ ಹಾಕಿಸಿದೆ.