ಬೆಳ್ಳಿ ಯಾಕೆ ಕಪ್ಪಾಗಲಿಲ್ಲ?

ನಾನು ಕಲಬುರಗಿಯವನು. ನಮ್ಮ ಭಾಗದ ಕೋಟೆ, ಬೆಳೆ, ಕಸುಬುಗಳ ಬಗ್ಗೆ ಪತ್ರಿಕೆಗೆ ಲೇಖನ ಬರೆಯುತ್ತೇನೆ. ಓದುವವರನ್ನು ಹಿಡಿದಿಡಲು ನಾನು ಜಾಸ್ತಿ ನಂಬಿರುವುದು ಪ್ರಶ್ನೆಯನ್ನೇ. ಆದರೆ ಎಂಥ ಪ್ರಶ್ನೆ ಅನ್ನೋದು ಮುಖ್ಯ. "ಬಿದರಿ ಕಲೆ ಬಗ್ಗೆ ನಿಮಗೆ ಗೊತ್ತೇ?" ಅಂತ ಶುರು ಮಾಡಿದರೆ ಬೀದರಿನವರು ಗೊತ್ತು ಅಂತಾರೆ, ಬೇರೆಯವರು ಗೊತ್ತಿಲ್ಲ ಅಂತಾರೆ, ಇಬ್ಬರೂ ಪುಟ ತಿರುಗಿಸುತ್ತಾರೆ.

ಅದಕ್ಕೇ ಬಿದರಿ ಲೇಖನವನ್ನು ನಾನು ಹೀಗೆ ಶುರು ಮಾಡಿದೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಹೂಜಿ, ಅದರ ಮೈಮೇಲೆ ಬೆಳ್ಳಿ ತಂತಿಯ ಬಳ್ಳಿ. ಬೀದರ್ ಕೋಟೆಯ ಹಳೇ ಮಣ್ಣು, ನವಸಾಗರ ಅನ್ನೋ ಲವಣ ಕಲಸಿದ ನೀರಿನಲ್ಲಿ ಅದನ್ನು ಹಾಕಿದರೆ ಹೂಜಿ ಕಪ್ಪಾಗುತ್ತದೆ. ಬೆಳ್ಳಿ ಯಾಕೆ ಕಪ್ಪಾಗಲಿಲ್ಲ? ಮನೆಯ ಬೆಳ್ಳಿ ದೀಪ ಕಪ್ಪಾದಾಗ ವಿಭೂತಿ ಹಾಕಿ ತಿಕ್ಕಿದವರಿಗೆ ಈ ಪ್ರಶ್ನೆ ಸುಮ್ನೆ ಬಿಡುವುದಿಲ್ಲ, ಅಲ್ವಾ? ಅವರಿಗೆ ಅರ್ಧ ಗೊತ್ತಿದೆ, ಉಳಿದರ್ಧಕ್ಕೆ ಮುಂದೆ ಓದುತ್ತಾರೆ. ಆ ಮಿಶ್ರಣ ಸತುವಿನ ಲೋಹದ ಮೇಲೆ ಕೆಲಸ ಮಾಡುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ ಅನ್ನೋ ಉತ್ತರವನ್ನು ನಾನು ಎರಡು ಪ್ಯಾರಾ ತಡೆದು ಕೊಟ್ಟೆ. ಆ ಎರಡು ಪ್ಯಾರಾದಲ್ಲಿ ಕುಶಲಕರ್ಮಿಗಳು ಮಣ್ಣನ್ನು ನಾಲಿಗೆಗೆ ಹಚ್ಚಿ ಆರಿಸುವುದು, 2006ರಲ್ಲಿ ಬಿದರಿಗೆ ಜಿಐ, ಅಂದರೆ ಇದು ಈ ಊರಿನದೇ ಅನ್ನೋ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ಎಲ್ಲ ಬಂತು. ಪ್ರಶ್ನೆ ಇಲ್ಲದೆ ಇದನ್ನೇ ಬರೆದಿದ್ದರೆ ಯಾರು ಓದುತ್ತಿದ್ದರು? ತಡೆಯಬಹುದು, ಆದರೆ ಉತ್ತರ ಕೊಡದೆ ಜಾರಿಕೊಳ್ಳುವುದು ಮೋಸ.

ಇಸವಿಗಳು ಸಾಲುಗಟ್ಟಿ ಓದುವವರಿಗೆ ತೂಕಡಿಕೆ ಬರುವ ಕಡೆಯೂ ಒಂದು ಪ್ರಶ್ನೆ ಇಡುತ್ತೇನೆ. ಕಲಬುರಗಿ ಕೋಟೆಯ ಜಾಮಿ ಮಸೀದಿ 1367ರದ್ದು ಅಂತ ಬರೆದು, ತಕ್ಷಣ "ಇದರ ಅಂಗಳ ಎಲ್ಲಿ?" ಅಂತ ಕೇಳಿದೆ. ಅಂಗಳವೇ ಇಲ್ಲ, ಪೂರ್ತಿ ಮೇಲ್ಛಾವಣಿ. ಅಲ್ಲಿ ಎಷ್ಟೋ ಸಲ ಓಡಾಡಿದವರೂ ಇದನ್ನು ಗಮನಿಸಿರುವುದಿಲ್ಲ. ಇಂಥದ್ದು ಲೇಖನಕ್ಕೆ ಒಂದೇ ಸಾಕು, ಪ್ಯಾರಾಕ್ಕೊಂದು ಕೇಳಿದರೆ ಪರೀಕ್ಷೆ ಪತ್ರಿಕೆ ಆಗುತ್ತದೆ.

ಕೊನೆಯಲ್ಲಿ "ನಿಮ್ಮ ಅಭಿಪ್ರಾಯ ತಿಳಿಸಿ" ಅಂತ ನಾನು ಬರೆಯುವುದಿಲ್ಲ. ಅಭಿಪ್ರಾಯ ಅಂದರೆ ಕೂತು ಯೋಚಿಸಬೇಕು, ಯಾರಿಗೆ ಪುರುಸೊತ್ತಿದೆ? 2019ರಲ್ಲಿ ಜಿಐ ಪಡೆದ ನಮ್ಮ ತೊಗರಿಬೇಳೆ ಬಗ್ಗೆ ಬರೆದಾಗ "ನಿಮ್ಮ ಮನೆಯಲ್ಲಿ ಬೇಳೆ ಎಷ್ಟು ಸೀಟಿಗೆ ಬೇಯುತ್ತದೆ?" ಅಂತ ಕೇಳಿ ವಾಟ್ಸಾಪ್ ನಂಬರ್ ಕೊಟ್ಟೆ. ಉತ್ತರ ಕೊಡಲು ಅಡುಗೆಮನೆ ಕಡೆ ಒಮ್ಮೆ ನೋಡಿದರೆ ಸಾಕು, ಹಾಗಾಗಿ ಮೆಸೇಜುಗಳು ಬಂದವು. "ಮೂರು ಸೀಟಿ ಸಾಕ್ರಿ" ಅಂದರು ಒಬ್ಬರು. "ಸೀಟಿ ಬಿಡ್ರಿ ಅಣ್ಣಾರ, ನಮ್ಮವ್ವ ಗಡಗಿಯೊಳಗ ಬೇಯಿಸ್ತಾಳ" ಅಂದರು ಇನ್ನೊಬ್ಬರು. ಸೇಡಂ ಕಡೆಯ ಒಬ್ಬ ಅಕ್ಕ ನನಗೇ ತಿರುಗಿ ಕೇಳಿದರು: "ಬೇಳೆ ಅದೇ ಐತಿ, ಬೋರಿನ ನೀರಿನ್ಯಾಗ ಮಾತ್ರ ಬೇಯಲ್ರೀ, ಯಾಕ?" ಗಡಸು ನೀರಿನ ಬಗ್ಗೆ ಮುಂದಿನ ಲೇಖನ ಬರೆದೆ. ಮೊದಲ ಸಾಲಿಗೆ ಅವರ ಪ್ರಶ್ನೆಯನ್ನೇ, ಅವರ ಮಾತಿನಲ್ಲೇ ಇಟ್ಟೆ.