ಹೈಸ್ಕೂಲಿನಾಚೆಗೂ ಫುಟ್‌ಬಾಲ್: ಪಂದ್ಯ ಹುಡುಕಿಕೊಂಡು ಹೋದ ವರ್ಷಗಳು

ದ್ವಿತೀಯ ಪಿಯುಸಿ ಓದುತ್ತಿದ್ದ 2009–10ರಲ್ಲಿ ನಾನು ಆಡಿದ್ದು ಒಟ್ಟು 11 ಪಂದ್ಯ. ಇದನ್ನು ಅಂದಾಜಿನಿಂದ ಹೇಳುತ್ತಿಲ್ಲ. ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ಹಮಾಲಿಯಾಗಿದ್ದ ಅಪ್ಪ ಚೀಲಗಳ ಲೆಕ್ಕ ಬರೆದಿಡಲು ಉದ್ದನೆಯ ಪುಸ್ತಕವೊಂದನ್ನು ಇಟ್ಟುಕೊಂಡಿದ್ದರು. ಅಂಥದೇ ಪುಸ್ತಕವೊಂದರಲ್ಲಿ ಪ್ರತಿ ಪಂದ್ಯದ ದಿನಾಂಕ, ಆಡಿದ ನಿಮಿಷ, ನನ್ನ ಕಾಲಿನಿಂದ ಎದುರಾಳಿಗೆ ಹೋದ ಚೆಂಡುಗಳ ಸಂಖ್ಯೆ, ಇಷ್ಟನ್ನು ನಾನೂ ಬರೆದಿಡುತ್ತಿದ್ದೆ. ಅದೇ ವರ್ಷ ಹೈಸ್ಕೂಲ್ ಮೈದಾನದಲ್ಲಿ ಬೆಳಿಗ್ಗೆ ಐದೂವರೆಗೆ ಓಡಿದ ದಿನಗಳು ಮುನ್ನೂರಕ್ಕೆ ಕಡಿಮೆ ಇರಲಿಲ್ಲ. ಮುನ್ನೂರು ದಿನದ ಅಭ್ಯಾಸಕ್ಕೆ ಹನ್ನೊಂದು ಪಂದ್ಯ ಎಂಬುದರಲ್ಲೇ ನನ್ನ ತೊಡಕು ಅಡಗಿತ್ತು ಎಂದು ತಿಳಿಯಲು ಮತ್ತೆ ಎರಡು ವರ್ಷ ಬೇಕಾದವು.

ಹೈಸ್ಕೂಲಿನಲ್ಲಿರುವವರೆಗೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳನ್ನು ಇಲಾಖೆಯೇ ಕಟ್ಟಿಟ್ಟಿರುತ್ತದೆ. ಪಿ.ಟಿ. ಮೇಷ್ಟ್ರು ಹೆಸರು ಬರೆದು ಕಳಿಸಿದರೆ ಆಡುವುದಷ್ಟೇ ಹುಡುಗನ ಕೆಲಸ. ಪದವಿಪೂರ್ವ ಕಾಲೇಜುಗಳ ಕ್ರೀಡಾಕೂಟದಲ್ಲಿಯೂ ಮೆಟ್ಟಿಲುಗಳು ಇವೆಯಾದರೂ ಒಂದು ಬೆಳಿಗ್ಗೆ ಸೋತರೆ ಆ ವರ್ಷದ ಫುಟ್‌ಬಾಲ್ ಅಲ್ಲಿಗೇ ಮುಗಿದಂತೆ. ಊರಿನಲ್ಲಿ ಕುಸ್ತಿಗೆ ಗರಡಿಗಳಿದ್ದವು, ಕ್ರಿಕೆಟ್‌ಗೆ ಎಲ್ಲ ಓಣಿಗಳೂ ಇದ್ದವು, ನಮ್ಮೂರಿನ ಆರ್. ವಿನಯ್ ಕುಮಾರ್ 2010ರಲ್ಲಿ ಭಾರತ ತಂಡಕ್ಕೆ ಆಡಿದ ಮೇಲಂತೂ ನಮ್ಮ ತಂಡದ ಇಬ್ಬರು ಸ್ಟಡ್ಸ್ ಮಾರಿ ಬ್ಯಾಟು ಕೊಂಡರು. ಅವರ ಮೇಲೆ ನನಗೆ ಆಗ ಸಿಟ್ಟಿತ್ತು, ಈಗ ಇಲ್ಲ.

ಕಷ್ಟಪಟ್ಟರೆ ಮುಂದೆ ಬರಬಹುದು ಎಂದು ಎಲ್ಲರೂ ಹೇಳುತ್ತಿದ್ದರು. ಯಾವುದಕ್ಕೆ ಕಷ್ಟಪಡಬೇಕು ಎಂಬುದನ್ನು ಹೇಳಿದವರು ನನ್ನ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಒಬ್ಬರೇ. ಒಂದು ಸಂಜೆ ನನ್ನ ಆಟ ನೋಡಿ, "ಓಡಾದ್ರಾಗೆ ನಿನ್ನ ಮೀರ್ಸೋರಿಲ್ಲ ಬಿಡಪ. ಆದ್ರೆ ಚೆಂಡು ನಿನ್ನತ್ರ ಬಂದ್ರೆ ನಿಲ್ಲಂಗಿಲ್ಲಲ್ಲ?" ಎಂದರು. ಅದು ನಿಜವಾಗಿತ್ತು. ಬಂದ ಚೆಂಡು ನನ್ನ ಕಾಲಿಗೆ ತಗುಲಿ ಎರಡು ಮಾರು ಆಚೆ ಹೋಗುತ್ತಿತ್ತು, ಅದನ್ನು ಹಿಡಿಯಲು ನಾನು ಓಡುತ್ತಿದ್ದೆ, ನೋಡುವವರು ಹುಡುಗ ಚುರುಕಾಗಿದ್ದಾನೆ ಎಂದುಕೊಳ್ಳುತ್ತಿದ್ದರು.

ಮರುದಿನದಿಂದ ಬೆಳಗಿನ ಓಟವನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಿ, ಉಳಿದ ದಿನ ಯಾರ್ಡಿನ ಗೋದಾಮೊಂದರ ಹಿಂಗೋಡೆಯ ಎದುರು ನಿಂತೆ. ಗೋಡೆಯ ಮೇಲೆ ಸುಣ್ಣದಲ್ಲಿ ಒಂದು ಚೌಕ ಬರೆದು, ಐದು ಮೀಟರ್ ದೂರದಿಂದ ಎಡಗಾಲಿನಲ್ಲಿ ಇನ್ನೂರು, ಬಲಗಾಲಿನಲ್ಲಿ ನೂರು ಬಾರಿ ಹೊಡೆದು, ಮರಳಿ ಬಂದ ಚೆಂಡನ್ನು ಒಂದೇ ಸ್ಪರ್ಶದಲ್ಲಿ ಪಕ್ಕಕ್ಕೆ ಒಲಿಸಿಕೊಳ್ಳುವುದು ಮೊದಲ ಮೂರು ತಿಂಗಳ ಪಾಠ. ಆಮೇಲೆ ದೂರವನ್ನು ಹತ್ತು ಮೀಟರಿಗೆ ಹೆಚ್ಚಿಸಿ, ತಮ್ಮನನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡೆ. ಚೆಂಡು ಗೋಡೆಯಿಂದ ಮರಳುವಷ್ಟರಲ್ಲಿ ನಾನು ಒಮ್ಮೆ ಹಿಂದಿರುಗಿ ನೋಡಿ, ಅವನು ಎತ್ತಿ ಹಿಡಿದ ಬೆರಳುಗಳ ಲೆಕ್ಕವನ್ನು ಗಟ್ಟಿಯಾಗಿ ಹೇಳಬೇಕಿತ್ತು. ತಪ್ಪಿದರೆ ಅವನಿಗೆ ಒಂದು ಮಿರ್ಚಿ ಕೊಡಿಸಬೇಕು. ಮೊದಲ ತಿಂಗಳಲ್ಲಿ ಅವನು ತಿಂದ ಮಿರ್ಚಿಗಳಿಗೆ ಲೆಕ್ಕವಿಲ್ಲ. ಆದರೆ ಚೆಂಡು ಕಾಲಿಗೆ ಬರುವ ಮೊದಲೇ ಸುತ್ತ ಯಾರು ಎಲ್ಲಿದ್ದಾರೆಂದು ನೋಡಿಕೊಳ್ಳುವ ಗುಣ ನನಗೆ ಬಂದದ್ದು ಹಾಗೆ, ಮತ್ತು ಬಲಗಾಲಿನವರೇ ತುಂಬಿದ್ದ ನಮ್ಮ ಕಡೆಯ ತಂಡಗಳಲ್ಲಿ ಲೆಫ್ಟ್ ಬ್ಯಾಕ್, ಅಂದರೆ ಎಡಬದಿಯ ರಕ್ಷಣಾ ಆಟಗಾರನ ಜಾಗ ನನಗೆ ಸಿಕ್ಕಿದ್ದು ಆ ಇನ್ನೂರು ಎಡಗಾಲಿನ ಹೊಡೆತಗಳಿಂದ.

2010ರಲ್ಲಿ ಪದವಿಗೆ ಸೇರಿದೆ. ದಾವಣಗೆರೆ ವಿಶ್ವವಿದ್ಯಾಲಯ ಆರಂಭವಾಗಿದ್ದು 2009ರಲ್ಲಿ. ಹೊಸ ವಿಶ್ವವಿದ್ಯಾಲಯವಾದ್ದರಿಂದ ತಂಡದಲ್ಲಿ ಬೇರೂರಿದ ಹಳಬರಿರಲಿಲ್ಲ, ಎರಡನೇ ವರ್ಷವೇ ನನಗೆ ಜಾಗ ಸಿಕ್ಕಿತು. ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ಕೇರಳದ ತಂಡವೊಂದು ನಮ್ಮನ್ನು ಆರು ಗೋಲುಗಳಿಂದ ಸೋಲಿಸಿತು. ಆ ರಾತ್ರಿ ಊಟದ ಸಾಲಿನಲ್ಲಿ ಅವರ ಲೆಫ್ಟ್ ಬ್ಯಾಕ್ ನನ್ನ ಪಕ್ಕದಲ್ಲೇ ನಿಂತಿದ್ದ. ಹರಕು ಮುರುಕು ಇಂಗ್ಲಿಷಿನಲ್ಲಿ ಕೇಳಿದೆ: ವರ್ಷಕ್ಕೆ ಎಷ್ಟು ಪಂದ್ಯ ಆಡುತ್ತೀ? ಅರವತ್ತರ ಮೇಲೆ ಎಂದ. ಮಲಪ್ಪುರಂ ಕಡೆ ಮಳೆಗಾಲ ಕಳೆದ ಮೇಲೆ ತಾತ್ಕಾಲಿಕ ಗ್ಯಾಲರಿ ಕಟ್ಟಿ ದೀಪದ ಬೆಳಕಿನಲ್ಲಿ ನಡೆಯುವ, ತಂಡಕ್ಕೆ ಏಳೇ ಆಟಗಾರರ ಸೆವೆನ್ಸ್ ಟೂರ್ನಿಗಳ ಬಗ್ಗೆ ಅವನು ಹೇಳುತ್ತಾ ಹೋದಂತೆ ನನಗೆ ನನ್ನ ಪುಸ್ತಕ ನೆನಪಾಗುತ್ತಿತ್ತು. ನನಗಿಂತ ಅವನು ಹೆಚ್ಚು ಓಡಿರಲಿಲ್ಲ. ನಾನು ಗೋಡೆಯ ಎದುರು ಊಹಿಸಿಕೊಂಡು ಕಲಿಯುತ್ತಿದ್ದುದನ್ನು ಅವನು ಎದುರಾಳಿಯ ಮೊಣಕೈ ತಿಂದು ಕಲಿತಿದ್ದ.

ಊರಿಗೆ ಮರಳಿದ ಮೇಲೆ ನಾನು ಮಾಡಿದ ಶ್ರಮವೆಂದರೆ ಮುಖ್ಯವಾಗಿ ಪಂದ್ಯ ಹುಡುಕುವುದು. ಹದಿನಾಲ್ಕು ಹುಡುಗರ ಒಂದು ಗುಂಪು ಕಟ್ಟಿಕೊಂಡು, ಭಾನುವಾರಗಳಂದು ಹರಿಹರಕ್ಕೆ, ಚಿತ್ರದುರ್ಗಕ್ಕೆ, ರೈಲಿನಲ್ಲಿ ಹುಬ್ಬಳ್ಳಿಗೆ ಹೋಗುತ್ತಿದ್ದೆವು. ಫೋನ್ ಮಾಡಿ ಒಪ್ಪಿಸುವುದು, ಚೆಂಡಿಗೆ ಗಾಳಿ, ಗೆರೆ ಎಳೆಯಲು ಸುಣ್ಣ, ಬುತ್ತಿಗೆ ಮಂಡಕ್ಕಿ, ಕೊನೆ ಗಳಿಗೆಯಲ್ಲಿ ಕೈಕೊಟ್ಟವನ ಬದಲಿಗೆ ಇನ್ನೊಬ್ಬ, ಇವೆಲ್ಲ ನನ್ನ ಪಾಲಿಗೆ. 2012–13ರಲ್ಲಿ ಪುಸ್ತಕದ ಲೆಕ್ಕ 38ಕ್ಕೆ ಏರಿತು, ಒಂದು ಪಂದ್ಯದಲ್ಲಿ ನಾನು ಕಳೆದುಕೊಳ್ಳುವ ಚೆಂಡುಗಳು ಸರಾಸರಿ ಇಪ್ಪತ್ತರಿಂದ ಒಂಬತ್ತಕ್ಕೆ ಇಳಿದವು.

ನಡುವೆ ಒಂದು ಪೆಟ್ಟೂ ಬಿತ್ತು. ಬೆಂಗಳೂರಿನ ಅಕಾಡೆಮಿಯೊಂದು ಟ್ರಯಲ್ಸ್‌ಗೆಂದು ಎಂಟು ಸಾವಿರ ರೂಪಾಯಿ ಕೇಳಿತು, ಅವ್ವ ಸಂಘದ ಸಾಲ ತೆಗೆದುಕೊಟ್ಟಳು. ಅಲ್ಲಿ ಮುನ್ನೂರು ಹುಡುಗರಿದ್ದೆವು, ನನಗೆ ಸಿಕ್ಕಿದ್ದು ಹನ್ನೆರಡು ನಿಮಿಷ, ಆಯ್ಕೆಯ ಪಟ್ಟಿ ಇಂದಿಗೂ ಹೊರಬಿದ್ದಿಲ್ಲ. ಆ ಸಾಲ ತೀರಿಸಲು ಅವ್ವನಿಗೆ ಹತ್ತು ತಿಂಗಳಾಯಿತು. ಆಟಗಾರ ಬೇಕಾಗಿರುವ ಕ್ಲಬ್ಬು ಆಟಗಾರನಿಂದ ಹಣ ಕೇಳುವುದಿಲ್ಲ ಎಂದು ಈಗ ನನ್ನ ಬಳಿ ಬರುವ ಪ್ರತಿ ತಂದೆತಾಯಿಗೂ ಹೇಳುತ್ತೇನೆ. ಅರ್ಧದಷ್ಟು ಜನ ನಂಬುವುದಿಲ್ಲ.

2013ರ ಜೂನ್‌ನಲ್ಲಿ ಪದವಿ ಮುಗಿಸಿ ಬೆಂಗಳೂರಿಗೆ ಹೋದೆ. ಅಲ್ಲಿನ ಲೀಗ್‌ನಲ್ಲಿ ಸೂಪರ್ ಡಿವಿಷನ್ ಮೇಲಿದ್ದು, ಅದರ ಕೆಳಗೆ ಎ, ಬಿ, ಸಿ ಡಿವಿಷನ್‌ಗಳಿದ್ದವು. ಹೊರಜಿಲ್ಲೆಯವರು ನೇರವಾಗಿ ಮೇಲಿನ ಬಾಗಿಲು ಬಡಿದು ನಿರಾಶರಾಗುವುದನ್ನು ಕಂಡಿದ್ದರಿಂದ ನಾನು ಬಿ ಡಿವಿಷನ್ ತಂಡವೊಂದರ ಅಭ್ಯಾಸಕ್ಕೆ ಹೋಗಿ, ಮೂರು ವಾರ ಚೆಂಡು ಹೊತ್ತು ತಂದು, ನಾಲ್ಕನೇ ವಾರ ಅವರ ಲೆಫ್ಟ್ ಬ್ಯಾಕ್‌ಗೆ ಜ್ವರ ಬಂದಾಗ ಆಡಿದೆ. ಸಂಬಳವಿಲ್ಲ, ಬಸ್ ಚಾರ್ಜು, ಎರಡು ಬೇಯಿಸಿದ ಮೊಟ್ಟೆ, ಒಂದು ಬಾಳೆಹಣ್ಣು. ರಾತ್ರಿ ಪಾಳಿಯಲ್ಲಿ ಕೊರಿಯರ್ ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುತ್ತಿದ್ದೆ. ಯಾರ್ಡಿನ ಮಗನಿಗೆ ಅದು ಹೊಸತಲ್ಲ.

ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದ ಕೃತಕ ಹುಲ್ಲು ಮಾತ್ರ ನನ್ನನ್ನು ಕಂಗೆಡಿಸಿತು. ನಮ್ಮ ಮಣ್ಣಿನ ಮೈದಾನಗಳಲ್ಲಿ ಚೆಂಡು ಪುಟಿಯುತ್ತದೆ, ಆದ್ದರಿಂದ ನಮಗೆ ತೊಡೆ, ಎದೆಯಲ್ಲಿ ಹಿಡಿಯುವುದು ರೂಢಿ. ಟರ್ಫಿನಲ್ಲಿ ಅದು ನೆಲ ಕಚ್ಚಿಕೊಂಡು ಜಾರಿ ಬರುತ್ತದೆ, ಹಿಡಿಯುವ ಸಮಯವೇ ಕಡಿಮೆ. ಉದ್ದನೆಯ ಸ್ಟಡ್ ಇದ್ದ ಬೂಟು ಆ ಹುಲ್ಲಿಗೆ ಸಿಕ್ಕಿಕೊಂಡು ಮಂಡಿ ತಿರುಚುತ್ತಿತ್ತು. ಗಿಡ್ಡ ರಬ್ಬರ್ ಸ್ಟಡ್‌ಗಳ ಬೂಟು ಕೊಳ್ಳಬೇಕೆಂದು ಹಿರಿಯ ಆಟಗಾರನೊಬ್ಬ ಹೇಳುವವರೆಗೆ ನನಗೆ ಅಂಥದೊಂದು ಇದೆಯೆಂದೇ ಗೊತ್ತಿರಲಿಲ್ಲ. ಅದೇ ವರ್ಷ ಹುಟ್ಟಿದ ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವಿನ ತವರು ಪಂದ್ಯಗಳನ್ನು ಆ ಕ್ರೀಡಾಂಗಣದಲ್ಲೇ ಆಡಿ, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಗೋಲಾದಾಗ ಜನ ಕುಣಿಯುತ್ತಿದ್ದರೆ ನಾನು ಚೆಂಡಿನಿಂದ ದೂರವಿರುವ ಬ್ಯಾಕ್ ಏನು ಮಾಡುತ್ತಿದ್ದಾನೆಂದು ನೋಡುತ್ತಿದ್ದೆ. ಪಕ್ಕದವರಿಗೆ ನಾನು ವಿಚಿತ್ರವಾಗಿ ಕಂಡಿರಬೇಕು.

ಮುಂದಿನದನ್ನು ಬೇಗ ಹೇಳಬಹುದು. ಎರಡು ವರ್ಷ ಬಿ ಡಿವಿಷನ್, ಒಂದು ವರ್ಷ ಎ, ಒಂದು ಋತು ಸೂಪರ್ ಡಿವಿಷನ್. ಒಮ್ಮೆ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಯ ಸಂಭಾವ್ಯರ ಶಿಬಿರಕ್ಕೆ ಕರೆ ಬಂತು, ಅಂತಿಮ ಪಟ್ಟಿಯಲ್ಲಿ ಹೆಸರಿರಲಿಲ್ಲ. ಎಡ ಮಂಡಿಯ ಲಿಗಮೆಂಟ್ ಹರಿದ ಮೇಲೆ ಮತ್ತೆ ಓಡಿದೆನಾದರೂ ಮೊದಲಿನಂತೆ ತಿರುಗಲು ಆಗಲಿಲ್ಲ. ಎರಡು ವರ್ಷದ ಬಿ.ಪಿ.ಇಡಿ. ಮುಗಿಸಿ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಡಿ ಲೈಸೆನ್ಸ್ ಎಂಬ ಕೋಚಿಂಗ್ ಪರವಾನಗಿ ಪಡೆದು, ದಾವಣಗೆರೆಗೆ ಮರಳಿ ದೈಹಿಕ ಶಿಕ್ಷಕನಾದೆ. ಇದನ್ನು ಫುಟ್‌ಬಾಲ್ ವೃತ್ತಿ ಎನ್ನಬಹುದೇ ಎಂದು ಕೆಲವರು ಕೇಳುತ್ತಾರೆ. ನನ್ನ ಮನೆಯ ಅಕ್ಕಿ ಇಂದಿಗೂ ಚೆಂಡಿನಿಂದಲೇ ಬರುತ್ತಿದೆ.

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಾಗ ನಮ್ಮ ಹುಡುಗರು ಒಂದೇ ಮೊಬೈಲಿನ ಸುತ್ತ ಮುತ್ತಿಕೊಂಡಿದ್ದರು. ಮರುದಿನ ಅವರಲ್ಲೊಬ್ಬ, ಸರ್, ಇನ್ನೂ ಒಂದು ಗಂಟೆ ಜಾಸ್ತಿ ಓಡಲೇ ಎಂದು ಕೇಳಿದ. ಬೇಡ ಎಂದು, ಹರಿಹರದ ತಂಡದವರ ಫೋನ್ ನಂಬರು ಕೊಟ್ಟು, ಪಂದ್ಯ ಗೊತ್ತುಮಾಡಿಕೊಂಡು ಬಾ ಎಂದೆ. ಈಗ ಪುಸ್ತಕ ಬರೆಯುವವನು ಅವನೇ. ಈ ಸಾಲಿನಲ್ಲಿ ಇದುವರೆಗೆ 23 ಆಗಿವೆ; ಚಿತ್ರದುರ್ಗದವರು ಮುಂದಿನ ಭಾನುವಾರ ಬರುವುದಾಗಿ ಹೇಳಿದ್ದಾರೆ, ಸುಣ್ಣ ಇನ್ನೂ ತರಬೇಕಿದೆ.